ಮರಗಟ್ಟಿದ ಎಡಗಾಲು

ಗಾವಡಗೆರೆ
14-11-1943

ಪ್ರೀತಿಯ ಅಣ್ಣಯ್ಯನಿಗೆ ತಮ್ಮ ಚಲುವಯ್ಯ ಮಾಡುವ ನಮಸ್ಕಾರಗಳು. ದಂಡಿನ ಪಲ್ಟನ್ನಿನಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತಿದೆಯೆ? ಕೆಮ್ಮು ಬಿಟ್ಟಿತೆ? ಇಲ್ಲಿ ಅವ್ವ, ಅತ್ತಿಗೆ ಚೆನ್ನಾಗಿದ್ದಾರೆ. ರಾಗಿ ಕೊಯ್ಲಿಗೆ ಬಂದಿದೆ.

ನನ್ನ ಬೆನ್ನು ಹೇಗಿದೆಯೆಂದು ನೀನು ಕೇಳಿದ್ದೆ. ಆಪರೇಷನ್ನಿನ ಗಾಯ ಮಾದಿದೆ, ಕೋಲಿಲ್ಲದೆ ನಡೆಯುತ್ತೇನೆ. ಆದರೆ ಎಡಗಾಲು ಮೊಣಕಾಲಿನಿಂದ ಕೆಳಗೆ ಇನ್ನೂ ನನ್ನದಲ್ಲ ಅನ್ನಿಸುತ್ತದೆ. ಒಮ್ಮೊಮ್ಮೆ ಇರುವೆ ಹರಿದಾಡಿದ ಹಾಗೆ ಜುಮುಗುಡುತ್ತದೆ. ಒಮ್ಮೊಮ್ಮೆ ಸೊಂಟದಿಂದ ಹೆಬ್ಬೆರಳಿನವರೆಗೆ ಚಳುಕು ಹೊಡೆದು ನಿಂತಲ್ಲೇ ನಿಲ್ಲಿಸುತ್ತದೆ. ಮೂಳೆಯ ಚೂರು ಒತ್ತಿದ್ದ ನರ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ, ಪೂರ್ತಿ ಸರಿಹೋಗದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರಲ್ಲ.

ಹೋದ ವಾರ ಒಲೆಯ ಮುಂದೆ ನಿಂತು ಅವ್ವನೊಡನೆ ಮಾತಾಡುತ್ತಿದ್ದೆ. ಅತ್ತಿಗೆ ಇದ್ದಕ್ಕಿದ್ದಂತೆ, “ಅಯ್ಯೋ, ಏನೋ ಸುಟ್ಟ ವಾಸ್ನೆ ಬತ್ತದೆ! ಚಲುವ, ಕಾಲೆತ್ತೋ, ಕೆಂಡ ತುಳ್ದಿದ್ದೀಯ ಕಣೋ!” ಎಂದು ಕೂಗಿಕೊಂಡರು. ಅಂಗಾಲು ಬೆಂದಿದ್ದರೂ ನನಗೆ ಗೊತ್ತೇ ಆಗಿರಲಿಲ್ಲ. ನೋವಾಗಲಿಲ್ಲವಲ್ಲ ಎಂದೇ ಅಳು ಬಂತು. ಅತ್ತಿಗೆ ನೀರು ಹುಯ್ದು, ಬೆಣ್ಣೆ ಸವರಿ, “ಕಾಲಿಗೆ ಗ್ಯಾನ ಬರೋಗಂಟ ನೋಡ್ಕಳಕ್ಕೆ ನನ್ ಕಣ್ಣವೆ, ಸುಮ್ಕಿರು” ಎಂದರು. ಅಂದಿನಿಂದ ದಿನವೂ ಸಂಜೆ ನನ್ನ ಅಂಗಾಲು ನೋಡಿಯೇ ದೀಪ ಹಚ್ಚುತ್ತಾರೆ. ಅಂಥವರನ್ನು ಮನೆಗೆ ತಂದವನು ನೀನು.

ಕಾಕನಕೋಟೆ ಕಾಡಿನಲ್ಲಿ ಮರದ ದಿಮ್ಮಿ ಉರುಳಿ ಬೆನ್ನಿಗೆ ಬಿದ್ದಾಗ, ಇನ್ನು ಇವನು ಏಳುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು. ನೀನೊಬ್ಬನೇ ಗಾಡಿಗೆ ಹುಲ್ಲು ಹಾಸಿ ಮಲಗಿಸಿಕೊಂಡು ಮೈಸೂರಿನ ಆಸ್ಪತ್ರೆಯವರೆಗೂ ಎತ್ತುಗಳ ಜೊತೆ ನಡೆದೇ ಬಂದೆ. ಕುಲುಕಾಟಕ್ಕೆ ನಾನು ನಿನ್ನನ್ನು ಬೈದದ್ದೂ ಉಂಟು. ಈಗ ಹೊಲದ ಬದುವಿನ ಮೇಲೆ ನನ್ನ ಕಾಲಲ್ಲೇ ನಿಂತಾಗ ನಿನ್ನ ನೆನಪಾಗುತ್ತದೆ. ಇಷ್ಟು ಕಾಲು ಉಳಿದದ್ದೇ ನಿನ್ನಿಂದ.

ಅವ್ವ ನಿನ್ನ ತಲೆ ಮುಟ್ಟಿ ಹರಸಿದ್ದೇನೆಂದು ಬರೆಯಲು ಹೇಳಿದಳು. ಅತ್ತಿಗೆ ನಕ್ಕು ಒಳಗೆ ಹೋದರು.

ನಿನ್ನ ತಮ್ಮ,
ಚಲುವಯ್ಯ

ವಿ.ಸೂ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಮೊನ್ನೆ ಕೊಪ್ಪದ ಕಡೆ ಒಂದು ಹೆಣ್ಣು ನೋಡಲು ಹೋಗಿದ್ದೆವು, ಹೆಸರು ಮಲ್ಲಾಜಮ್ಮ. ಅವ್ವ ಕಣ್ಸನ್ನೆ ಮಾಡಿ ತಡೆದರೂ ಕಾಲಿನ ವಿಚಾರವನ್ನೆಲ್ಲ ಅವರ ಮುಂದೆ ಹೇಳಿಬಿಟ್ಟೆ. ಅವಳಪ್ಪ ಒಳಬಾಗಿಲ ಕಡೆ ನೋಡಿದರು. ಬಾಗಿಲ ಹಿಂದಿನಿಂದ ಅವಳೇ, “ಎಲ್ಲಾನೂ ಮುಚ್ಚಿಡ್ದೆ ಯೋಳವ್ರೆ ಕಣಪ್ಪ, ನಂಗೊಪ್ಪಿಗೆ” ಅಂದಳು. ಮಾಘದಲ್ಲಿ ಮದುವೆ. ಹೇಗಾದರೂ ರಜ ಕೇಳಿಕೊಂಡು ಬಾ ಅಣ್ಣಯ್ಯ.