ಬಾಗಿಲ ಬೇವು

೧೨ ಜುಲೈ ೨೦೦೬, ಬುಧವಾರ

ಇವತ್ತೂ ಹೊಲಿಯೋಕೆ ಒಂದೂ ರವಿಕೆ ಬರಲಿಲ್ಲ. ಬೆಳಿಗ್ಗೆಯೇ ತಲೆ ಬಾಚಿ, ಹೂ ಮುಡಿದು, ಮಿಷನ್ನಿಗೆ ಎಣ್ಣೆ ಬಿಟ್ಟು ಕೂತದ್ದೇ ಬಂತು. ವಸಂತಕ್ಕನೇ ಗಿರಾಕಿಗಳನ್ನ ತಡೀತಿದ್ದಾರೆ ಅಂತ ನನ್ನ ಅನುಮಾನ. ಅವರ ಅಂಗಡಿ ಬಿಟ್ಟು ನಾನೇ ಮನೇಲಿ ಹೊಲಿಯೋಕೆ ಕೂತದ್ದು ಅವರಿಗೆ ಹಿಡಿಸಿಲ್ಲ.

ಸಂಜೆ ಎದುರು ಮನೆ ಬೊಮ್ಮಮ್ಮ ರಸ್ತೆಯಿಂದಲೇ ಕೂಗಿ ಕೇಳಿದಳು: "ಯಾಕವ್ವ ಮಮತಾ, ಮಗಿಗೆ ಅಮ್ಮ ಇಳುದ್ಲಾ?"

ಯಾವ ಅಮ್ಮ? ಮಗು ಅಂಗಳದಲ್ಲಿ ಕುಣೀತಿತ್ತು. ಆಮೇಲೆ ಬಾಗಿಲ ಕಡೆ ನೋಡಿದೆ. ಬಟ್ಟೆಗೆ ಹುಳ ಬೀಳದಿರಲಿ ಅಂತ ಒಣಗಲು ಕಟ್ಟಿದ್ದ ಬೇವಿನ ಸೊಪ್ಪು! ಮಗುವಿಗೆ ಸೀತಾಳೆ ಸಿಡುಬು ಅಂದುಕೊಂಡು ಊರೇ ದೂರ ಉಳಿದಿದೆ. ಕಿತ್ತೆಸೆದು ಒಬ್ಬಳೇ ನಕ್ಕೆ. ಪಾಪ, ವಸಂತಕ್ಕನ ಮೇಲೆ ಸುಮ್ಮನೆ...

ಇಲ್ಲ, ಪಾಪ ಏನೂ ಇಲ್ಲ. ದಿನಾ ಈ ಸೊಪ್ಪು ನೋಡ್ಕೊಂಡೇ ಬಾಗಿಲ ಮುಂದೆ ಬಸ್ಸಿಗೆ ಹೋಗ್ತಾರೆ. ಬಟ್ಟೆ ನಡುವೆ ಒಣಬೇವು ಇಡೋದನ್ನ ನನಗೆ ಕಲಿಸಿದ್ದು ಅವರೇ.