ಬಸ್ತ್ಯಾಂವ್‌ನ ರೊಟ್ಟಿ ಸೀನು ಕತ್ತರಿಸಬೇಡಿ

ಹುಬ್ಬಳ್ಳಿ, ಫೆಬ್ರವರಿ ಮೂವತ್ತು, ೨೧೭೧

ಪ್ರೀತಿಯ ಹಸೀನಾ ನದಾಫ್ ಮೇಡಂ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟುಬಿಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ಬರೆಯಲು ಕಲಿತದ್ದೇ ಹರಟೆಸಾಲುಗಳಲ್ಲಿ, ನೀವು ಚಾಟ್ ಗ್ರೂಪ್ ಅನ್ನುತ್ತೀರಲ್ಲ, ಅದರಲ್ಲಿ. ಹೆಸರು ಇಳಾ ಬಡಿಗೇರ, ವಯಸ್ಸು ಹದಿನಾರು. ನಿಮ್ಮ ‘ಗುಜರಿ ಸಾಲು’ ಸಿನಿಮಾದ ಅಭಿಮಾನಿ ಬಳಗದಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು, ಎಲ್ಲರಿಗಿಂತ ಹೆಚ್ಚು ಬಾಯಿ ಮಾಡುವವಳೂ ನಾನೇ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಅಂದರೆ ಕಳೆದ ಕಾಲಕ್ಕೆ ಹೋಗುವ ಟಪಾಲು; ಒಬ್ಬರಿಗೆ ಜೀವನದಲ್ಲಿ ಒಂದೇ ಸಲ ಸಿಗುತ್ತದೆ. ನನ್ನದನ್ನು ನಿಮಗೆ ಖರ್ಚು ಮಾಡುತ್ತಿದ್ದೇನೆ, ಯಾಕೆಂದರೆ ನಿಮ್ಮ ಕಡೆ ಆ ಸಿನಿಮಾ ಇನ್ನೂ ಎಡಿಟಿಂಗ್‌ನಲ್ಲಿದೆ.

ಅಂಥ ಕ್ರೈಂ ಥ್ರಿಲ್ಲರ್ ಇನ್ನೊಂದಿಲ್ಲ, ಮೇಡಂ. ಗುಜರಿ ಅಂಗಡಿಯ ಸಿದ್ದಿ ಹುಡುಗ ಬಸ್ತ್ಯಾಂವ್ ಕತ್ತಲಲ್ಲಿ ಕಬ್ಬಿಣದ ಸರಳು ಹಿಡಿದು ನಿಲ್ಲುತ್ತಾನೆ. ಸಿದ್ದಿಗಳ ಡೋಲು ಡಮಾಮಿಯ ಬಡಿತ ಏರುತ್ತದೆ. ಅವನ ಕಣ್ಣಷ್ಟೇ ಹೊಳೆಯುತ್ತದೆ. ಇಂಟರ್ವಲ್! ಕೊನೆಗೆ ನೋಡಿದರೆ ಕೊಂದವನು ಊರಿಗೆಲ್ಲ ನಗುನಗುತ್ತ ಔಷಧಿ ಕೊಡುತ್ತಿದ್ದ ಡಾಕ್ಟರ್. ಬಸ್ತ್ಯಾಂವ್ ಸರಳು ಹಿಡಿದು ಒಂದು ಮಗುವನ್ನು ಕಾಯುತ್ತಿದ್ದ. (ನಿಮಗೇ ಸ್ಪಾಯ್ಲರ್ ಕೊಟ್ಟೆ, ಕ್ಷಮಿಸಿ.) ಬಣ್ಣ ನೋಡಿ ಅನುಮಾನಪಟ್ಟವರಿಗೆ ನಾಚಿಕೆಯಾಗಲಿ ಎಂಬುದು ನಿಮ್ಮ ಆಸೆ. ಆಗುತ್ತದೆ ಕೂಡ. ಆದರೆ ಎರಡನೆಯ ಅರ್ಧದಲ್ಲಿ.

ನಮ್ಮಲ್ಲಿ ಬೆರಳಾಟ ಅಂತ ಒಂದು ಪದ್ಧತಿ ಇದೆ. ಇಂಟರ್ವಲ್‌ನಲ್ಲಿ ದೀಪ ಹತ್ತಿದ ಕೂಡಲೇ ಪರದೆಯ ಮೇಲೆ ಪಾತ್ರಗಳ ಮುಖಗಳು ಬರುತ್ತವೆ. ಕೊಲೆಗಾರ ಯಾರೆಂದು ಎಲ್ಲರೂ ಬೆರಳು ತೋರಿಸಬೇಕು. ಸೀಟಿ, ಚಪ್ಪಾಳೆ, ಮಂಡಕ್ಕಿ ಹಾರಾಟ. ಥಿಯೇಟರಿನ ಕ್ಯಾಮೆರಾ ಕಣ್ಣು ಆ ಬೆರಳುಗಳನ್ನೆಲ್ಲ ಎಣಿಸಿ ನಗರದ ಅನುಮಾನಬಾಗಿಲುಗಳಿಗೆ ಕಳಿಸುತ್ತದೆ. ಟ್ರಾಮು, ಶಾಲೆ, ಆಸ್ಪತ್ರೆ, ಎಲ್ಲ ಕಡೆಯೂ ಆ ಬಾಗಿಲುಗಳಿವೆ. ಯಾರನ್ನು ತಡೆಯಬೇಕು ಎಂದು ಅವು ಕಲಿತದ್ದು ನಮ್ಮ ಬೆರಳುಗಳಿಂದ; ನಾವು ತೋರಿಸಿದ ಮುಖವನ್ನು ಹೋಲುವವರಿಗೆಲ್ಲ ಅವು ತೆರೆಯುವುದಿಲ್ಲ. ಅವಕ್ಕೆ ಇಂಟರ್ವಲ್‌ವರೆಗಿನ ಕಥೆಯಷ್ಟೇ ಗೊತ್ತು. ಇನ್ನೂ ಕೆಟ್ಟದ್ದು ಕೇಳಿ: ಕಥೆ ಗೊತ್ತಿರುವ ನಾವು ಅಭಿಮಾನಿಗಳು ಹೊಸಬರ ಮಜಾ ಕೆಡಬಾರದೆಂದು ಬೇಕೆಂದೇ ಬಸ್ತ್ಯಾಂವ್‌ನನ್ನು ತೋರಿಸುತ್ತೇವೆ. ಡಾಕ್ಟರನ್ನು ತೋರಿಸಿದವರಿಗೆ ಬಳಗದಲ್ಲಿ ಜಾಗವಿಲ್ಲ. ಸಿನಿಮಾವನ್ನು ಹೆಚ್ಚು ಪ್ರೀತಿಸಿದಷ್ಟೂ ಅವನ ಮೇಲೆ ಬೆರಳು ಹೆಚ್ಚು.

ನನ್ನ ಗೆಳೆಯ ದುಮಿಂಗ ಸಿದ್ದಿ ನಾಳೆ ಕೆರೆಯಾಚೆಯ ನಟನಾಶಾಲೆಗೆ ಪರೀಕ್ಷೆಗೆ ಹೋಗಬೇಕು. ಅರ್ಜಿ ಕೊಡಲು ಹೋದಾಗಲೇ ಅಲ್ಲಿನ ಬಾಗಿಲು ಅವನನ್ನು ತಡೆಯಿತು. ಇನ್ನೊಮ್ಮೆ ತಡೆದರೆ ಆ ಶಾಲೆ ಅವನ ಪಾಲಿಗೆ ಶಾಶ್ವತವಾಗಿ ಮುಚ್ಚಿದ ಹಾಗೆ. ಅಂದು ಕಾವಲಿನ ಅಕ್ಕ ಪಾಪ ಕೈ ಕೈ ಹಿಸುಕಿಕೊಂಡಳು.

“ನಾ ಅಲ್ಲೋ ತಮ್ಮಾ, ಬಾಗ್ಲಾ ಒಲ್ಲೆ ಅಂತೈತಿ.”

“ಬಾಗ್ಲಿಗೆ ಹೇಳ್ರಿ ಅಕ್ಕಾರ,” ಅಂದ ದುಮಿಂಗ, “ಪಿಚ್ಚರ್ ಮುಗಿಯೂತನಾ ಕುಂದ್ರು ಅಂತ.”

ಅಕ್ಕ ನಕ್ಕಳು. ಬಾಗಿಲು ತೆರೆಯಲಿಲ್ಲ.

ಬೆರಳಾಟ ನಿಲ್ಲಿಸೋಣ ಎಂದು ಹರಟೆಸಾಲಿನಲ್ಲಿ ಬರೆದೆ. “ಬಂದ್ಲು ನೋಡ್ರಪಾ ಸ್ಪಾಯ್ಲರ್ ರಾಣಿ” ಎಂದ ಒಬ್ಬ. “ಕ್ಲೈಮ್ಯಾಕ್ಸ್‌ನ್ಯಾಗ ಅವನ ಹೀರೋ ಅಲ್ಲೇನ? ಇನ್ನೇನ್ ಬೇಕವ್ವಾ ನಿನಗ?” ಎಂದಳು ಇನ್ನೊಬ್ಬಳು. ಅವರು ನಿಲ್ಲಿಸಿದರೂ ಇಷ್ಟು ವರ್ಷಗಳ ಬೆರಳುಗಳು ಬಾಗಿಲೊಳಗೇ ಉಳಿದಿವೆ.

ಬಸ್ತ್ಯಾಂವ್ ಒಳ್ಳೆಯವನೆಂದು ಮೊದಲೇ ತೋರಿಸಿ ಎಂದು ನಿಮ್ಮನ್ನು ಕೇಳೋಣ ಅಂದುಕೊಂಡಿದ್ದೆ. ದುಮಿಂಗನಿಗೆ ಸಿಟ್ಟು ಬಂತು. “ಅಂವನ್ನ ದೇವರ ಮಾಡ್ರಿ ಅಂತ ಕೇಳಬ್ಯಾಡ ಮಾರಾಯ್ತಿ. ಅರ್ಧ ಪಿಚ್ಚರ್ ಆದ್ರೂ ಅವನ ಬಾಯಾಗ ಒಂದ್ ಮಾತಿಲ್ಲ, ನೋಡಿಯೇನು? ಎಲ್ಲಾರೂ ಮಾತಾಡ್ತಾರ, ಅಂವಗ ಬರೇ ಡಮಾಮಿ. ನಮ್ಮನ್ಯಾಗ ಡಮಾಮಿ ಬಡದ್ರ ಕುಣಿತೇವಲೇ ನಾವು!” ಇಡೀ ಸಿನಿಮಾ ಬಾಯಿಪಾಠ ಇರುವ ನಾನು ಅವತ್ತು ಮತ್ತೆ ಹಾಕಿ ನೋಡಿದೆ. ನಿಜ. ಚಹಾದವನಿಗೂ ಮಾತಿದೆ, ಬಸ್ತ್ಯಾಂವ್‌ಗಿಲ್ಲ.

ಆಮೇಲೆ ನಿಮ್ಮ ಹಳೆಯ ಸಂದರ್ಶನವೊಂದು ಸಿಕ್ಕಿತು (ನಮಗೆ ಹಳೆಯದು, ನೀವದನ್ನು ಇನ್ನೂ ಕೊಡಬೇಕಿದೆ). ಬಸ್ತ್ಯಾಂವ್ ಸೀದುಹೋದ ರೊಟ್ಟಿಗಾಗಿ ತಂಗಿಯ ಜೊತೆ ಜಗಳವಾಡುವ ಸೀನೊಂದಿತ್ತು, ಆ ನಟ ತನ್ನ ಮನೆಯ ಮಾತನ್ನೇ ಅದರಲ್ಲಿ ಆಡಿದ್ದ, ವೇಗ ಕಡಿಮೆಯಾಯಿತೆಂದು ತೆಗೆದೆ ಎಂದಿದ್ದೀರಿ. ನಮ್ಮ ಕಾಲದಲ್ಲಿ ಯಾರೂ ಅದನ್ನು ನೋಡಿಲ್ಲ. ದಯವಿಟ್ಟು ತೆಗೆಯಬೇಡಿ. ಕತ್ತಲು, ಸರಳು, ಅನುಮಾನ ಎಲ್ಲ ಇರಲಿ. ಕೆಲವರು ಅವನನ್ನೇ ತೋರಿಸಲಿ, ಪರವಾಗಿಲ್ಲ. ಆದರೆ ತೋರಿಸುವ ಮುಂಚೆ ಅವನು ರೊಟ್ಟಿಗಾಗಿ ಜಗಳವಾಡಿದ್ದನ್ನು ಎಲ್ಲರೂ ಕೇಳಿರಲಿ. ಯಾರೋ ಒಬ್ಬರ ಬೆರಳು ಅರ್ಧಕ್ಕೆ ನಿಂತೀತು.

ಹೆದರಿಕೆಯೂ ಇದೆ. ಹಳೆಯದು ಬದಲಾದರೆ ನಮ್ಮ ನೆನಪೂ ಬದಲಾಗುತ್ತದಂತೆ. ಆ ಇಂಟರ್ವಲ್‌ನ ರೋಮಾಂಚನ, ನಮ್ಮ ಬಳಗ, ಏನು ಉಳಿಯುತ್ತದೋ ಗೊತ್ತಿಲ್ಲ. ಹೋದರೆ ಹೋಗಲಿ. ಪರೀಕ್ಷೆ ನಾಳೆ ಬೆಳಿಗ್ಗೆ. ದುಮಿಂಗ ಅಂಗಳದಲ್ಲಿ ಮಾತು ಗಟ್ಟಿ ಮಾಡುತ್ತಿದ್ದಾನೆ, ತಪ್ಪಿದಾಗೆಲ್ಲ ತನಗೆ ತಾನೇ ಬೈದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಬಾಗಿಲವರೆಗೆ ನಾನು ಅವನ ಜೊತೆ ಹೋಗಬಲ್ಲೆ, ಮೇಡಂ. ಅದನ್ನು ದಾಟಿಸಿ ಒಳಗೆ ಕಳಿಸುವುದು ನನ್ನ ಕೈಯಲ್ಲಿಲ್ಲ.

ನಿಮ್ಮ ಕತ್ತರಿಗೆ ಹೆದರುತ್ತಿರುವ ಅಭಿಮಾನಿ,
ಇಳಾ