ನಡುಗಾನಿನಲ್ಲಿ ಹೊಗೆ

ನೆರಳೂರು,
ಬೂದುತಿಂಗಳ ಕೊನೆಯ ವಾರ, ಇಸವಿ ೨೨೧೮

ಹಿಂದಿನವರೇ,

ಈ ತಿಂಗಳ ಹೆಸರು ನಿಮ್ಮ ಪಂಚಾಂಗದಲ್ಲಿ ಇರಲಾರದು. ವೈಶಾಖ ಕಳೆದರೂ ಮಳೆಯ ಸುಳಿವಿಲ್ಲದೆ ಆಕಾಶ ಒಲೆಯ ಬೂದಿಯ ಬಣ್ಣಕ್ಕೆ ತಿರುಗುವ ದಿನಗಳಿವೆಯಲ್ಲ, ಅವುಗಳಿಗೆ ನಮ್ಮ ಅಜ್ಜಂದಿರು ಇಟ್ಟ ಹೆಸರು ಅದು. ನನ್ನ ಮಾತು ನಿಮಗೆ ಅಲ್ಲಲ್ಲಿ ಅಪರಿಚಿತವಾಗಿ ಕೇಳಿಸಿದರೆ ಕ್ಷಮಿಸಬೇಕು. ಕಡಲು ನುಂಗಿದ ಊರುಗಳಿಂದ ಘಟ್ಟ ಹತ್ತಿ ಬಂದವರ ಕನ್ನಡವೂ ಇಲ್ಲಿಯವರ ಕನ್ನಡವೂ ಬೆರೆತು ಈಗ ಹೀಗಾಗಿದೆ. ಕಂಡದ್ದನ್ನು ಕಂಡು ವರ್ಷ ತುಂಬುತ್ತ ಬಂತು. ಇನ್ನೂ ನಂಬಲಾಗುತ್ತಿಲ್ಲ. ನಂಬುವವರೆಗೆ ಕಾದರೆ ಬರೆಯುವುದೇ ಆಗಲಿಕ್ಕಿಲ್ಲವೆಂದು ಈಗಲೇ ಬರೆಯುತ್ತಿದ್ದೇನೆ.

ನೆರಳೂರು ಎಂದರೆ ಹಳೆಯ ಕಾನಿನ, ದಟ್ಟ ಮಳೆಕಾಡಿನ, ಅಂಚಿಗೆ ಅಂಟಿಕೊಂಡ ಊರು. ಇಂಥವು ಈ ಸೀಮೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಬಿಸಿಲು ಏರಿದ ಮೇಲೆ ನಾವು ಹೊರಗೆ ಕಾಲಿಡುವುದಿಲ್ಲ. ಬಾಗಿಲು ಹಾಕಿ, ಒದ್ದೆ ಚಾಪೆ ಇಳಿಬಿಟ್ಟು ಮಲಗುವ ಆ ಸಮಯಕ್ಕೆ ಬಾಗಿಲುಹೊತ್ತು ಎನ್ನುತ್ತೇವೆ. ಹೊತ್ತು ಇಳಿಯುವಾಗ ಕಾನಿನೊಳಗಿನಿಂದ ತಣ್ಣನೆಯ ಗಾಳಿ ಬೀಸುತ್ತದೆ. ಆ ಕಾನುಗಾಳಿ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಮಾತ್ರ ಮನೆಗಳು. ಅದು ಬಂದ ಮೇಲೆಯೇ ಹಟ್ಟಿಯ ದನ ಎದ್ದು ನಿಲ್ಲುವುದು, ಹೆಂಗಸರು ಒಲೆ ಹಚ್ಚುವುದು, ಕೂಸುಗಳು ಅಳು ನಿಲ್ಲಿಸುವುದು. ಕೆಲವು ವರ್ಷಗಳಿಂದ ಗಾಳಿ ಸೊರಗಿತ್ತು. ಅಂಚಿನ ಮನೆಗಳವರು ಒಬ್ಬೊಬ್ಬರೇ ಒಳಕ್ಕೆ ಬಂದು ನೆಂಟರ ಜಗಲಿಯಲ್ಲಿ ನೆಲೆಸಿದ್ದರು. ನಾವು ಆಕಾಶವನ್ನು ದೂರಿದೆವು.

ನಿಮ್ಮ ಕಾಲದವರು ಈ ಕಾನಿಗೆ ಮಾಡಿಟ್ಟ ಕಟ್ಟಳೆಗಳು ನಮ್ಮ ಕೈಗೆ ಒಂದೂ ಕೆಡದೆ ಬಂದಿವೆ. ನಡುಗಾನಿಗೆ ಯಾರೂ ಕಾಲಿಡಬಾರದು. ಅಲ್ಲಿಂದ ಕಡ್ಡಿಯನ್ನೂ ತರಬಾರದು, ಅಲ್ಲಿಗೆ ಬೀಜವನ್ನೂ ಒಯ್ಯಬಾರದು. ಸುತ್ತ ಕಂದಕದಂಥ ಅಗಳು ತೋಡಿ, ದನ ದಾಟದಂತೆ, ಮನುಷ್ಯ ದಾಟದಂತೆ, ವರ್ಷವರ್ಷವೂ ಆಳ ಮಾಡುತ್ತ ಇರಬೇಕು. ನನ್ನ ಅಣ್ಣ ಗುತ್ಯಪ್ಪ ಆ ಅಗಳಿನ ಕಾವಲಿನ ಮುಖ್ಯಸ್ಥ. ಮೀಸೆ ಮೂಡುವ ಮೊದಲೇ ಗುದ್ದಲಿ ಹಿಡಿದವನು. ಮದುವೆಯಾಗಲಿಲ್ಲ, ಕೇಳಿದವರಿಗೆ ಕಾನಿನ ಕಡೆ ಕೈ ತೋರಿಸಿ ನಗುತ್ತಿದ್ದ. ಒಳಗೆ ಏನಿದೆಯೆಂದು ಅವನೂ ಕಂಡಿರಲಿಲ್ಲ. ಕೆಸರಿನಲ್ಲಿ ನಿಂತ ರಾಮಪತ್ರೆಯ ಮರಗಳು, ಉಸಿರಾಡಲು ಮಂಡಿಯಂತೆ ನೀರಿನಿಂದ ಮೇಲೇಳುವ ಅವುಗಳ ಬೇರು, ಎಂದೂ ಬತ್ತದ ಕರಿನೀರು, ಇಷ್ಟನ್ನು ಹಿರಿಯರ ಬಾಯಲ್ಲಿ ಕೇಳಿದ್ದೆವು. ಅಂಚಿನ ಮರಗಳು ದಟ್ಟವಾಗಿದ್ದವು, ಹಸಿರಾಗಿದ್ದವು. ಅದೇ ಸಾಕೆನಿಸಿತ್ತು.

ಕಳೆದ ಬೂದುತಿಂಗಳಲ್ಲಿ, ಬಾಗಿಲುಹೊತ್ತಿನಲ್ಲಿ, ಮಳೆಯಿಲ್ಲದ ಸಿಡಿಲೊಂದು ಬಡಿಯಿತು. ಸ್ವಲ್ಪ ಹೊತ್ತಿಗೆ ಅಣ್ಣ ಅಂಗಳದಿಂದ ಕೂಗಿದ.

"ಬಂಗಾರೀ, ಹೊರಗೆ ಬಾ. ಅದು ಎಂತದು ನೋಡು."

ನಡುಗಾನಿನ ನೆತ್ತಿಯ ಮೇಲೆ ಹೊಗೆ ಏಳುತ್ತಿತ್ತು.

"ಮಂಜಿರ್ಬೇಕು ಅಣ್ಣ."

"ಈ ಬಿಸ್ಲಲ್ಲಿ ಎಂತಾ ಮಂಜು ಮಾರಾಯ್ತಿ? ನೀರಿಗೆ ಬೆಂಕಿ ಬಿದ್ದೈತೆ."

ನೀರಿಗೆ ಬೆಂಕಿ! ಅವನ ಬಾಯಿಂದ ಬಂದ ಮಾತು ಅದೇ. ಊರು ಅಗಳಿನ ಬಳಿ ಸೇರಿತು, ದಾಟಲು ಯಾರಿಗೂ ಧೈರ್ಯವಾಗಲಿಲ್ಲ. ಕೊನೆಗೆ ಅಣ್ಣನೇ ಚಪ್ಪಲಿ ಕಳಚಿ, ನೆಲ ಮುಟ್ಟಿ ನಮಸ್ಕರಿಸಿ ಇಳಿದ. ಅವನ ಹಿಂದೆ ನಾನು, ನನ್ನ ಹಿಂದೆ ಸೀತಾಳ ಎಂಬ ಪಕ್ಕದ ಮನೆಯವಳು, ಆಮೇಲೆ ಉಳಿದವರು. ಎಲ್ಲರ ಕೈಯಲ್ಲೂ ಬರಿಗೊಡ. ಒಳಗೆ ಬೇಕಾದಷ್ಟು ನೀರಿರುವಾಗ ತುಂಬಿದ ಕೊಡವನ್ನು ಯಾರು ಹೊರುತ್ತಾರೆ?

ಅಂಚಿನ ಹಸಿರು ಒಂದು ಪರದೆಯಷ್ಟೇ ದಪ್ಪವಿತ್ತು. ಅದನ್ನು ದಾಟಿದೊಡನೆ ಬಿಸಿಲು ಮುಖಕ್ಕೆ ಹೊಡೆಯಿತು. ಕಾನಿನ ನಟ್ಟನಡುವೆ ಬಿಸಿಲು! ರಾಮಪತ್ರೆಯ ಮರಗಳು ತಲೆಯಿಲ್ಲದೆ ಬೆಳ್ಳಗೆ ನಿಂತಿದ್ದವು. ಕರಿಮಣ್ಣು ಒಡೆದ ಹಂಚಿನಂತೆ ಸೀಳು ಬಿಟ್ಟಿತ್ತು. ಮಂಡಿಬೇರುಗಳು ಒಣನೆಲದಿಂದ ಮೇಲೆದ್ದಿದ್ದವು; ಒಂದನ್ನು ಹಿಡಿದೆ, ಕೈಯಲ್ಲೇ ಪುಡಿಯಾಯಿತು. ಹಕ್ಕಿಯಿಲ್ಲ, ಕಪ್ಪೆಯಿಲ್ಲ. ನೆಲದೊಳಗೇ ಕೆಂಡ ಹರಿಯುತ್ತಿತ್ತು, ನಮ್ಮ ಕಾಲಡಿಯಿಂದ ಹೊಗೆ ಬರುತ್ತಿತ್ತು. ಅಣ್ಣ ಬರಿಗೊಡ ಹಿಡಿದು ಅಲ್ಲಿ ಇಲ್ಲಿ ಓಡಿದ, ಬಾಗಿ ನೋಡಿದ, ಮತ್ತೆ ಓಡಿದ.

"ನೀರೆಲ್ಲಿ? ಇಲ್ಲಿದ್ದ ನೀರೆಲ್ಲಿ?" ಎಂದು ಒಬ್ಬೊಬ್ಬರ ಮುಖ ನೋಡಿ ಕೇಳಿದ, ನಮ್ಮಲ್ಲಿ ಯಾರೋ ಕದ್ದಿಟ್ಟಿದ್ದೇವೆಂಬಂತೆ.

ನೀರಿದ್ದದ್ದು ಅಗಳಿನಲ್ಲಿ ಮಾತ್ರ. ಸಾಲು ನಿಂತು ಅಲ್ಲಿಂದಲೇ ಮೊಗೆದು ಸಾಗಿಸಿದೆವು. ಬಗ್ಗಿ ಕೊಡ ಮುಳುಗಿಸುತ್ತಿದ್ದವಳು ನಾನು. ಎಷ್ಟು ಮೊಗೆದರೂ ಅಗಳು ತುಂಬುತ್ತಲೇ ಇತ್ತು. ಆಗ ಕಂಡಿತು: ಊರ ಕಡೆಯ ಗೋಡೆ ಒಣಗಿತ್ತು, ಕಾನಿನ ಕಡೆಯ ಗೋಡೆ ಉದ್ದಕ್ಕೂ ಬೆವರುತ್ತಿತ್ತು. ಆ ಕಂದುಬಣ್ಣದ ತಣ್ಣೀರನ್ನು ಹುಟ್ಟಿದಾಗಿನಿಂದ ಕುಡಿದಿದ್ದೇನೆ. ಅದು ಎಲ್ಲಿಂದ ಬರುತ್ತದೆಂದು ಯೋಚಿಸಿಯೇ ಇರಲಿಲ್ಲ.

"ಅಣ್ಣಾ," ಎಂದೆ, "ಕಾನಿನ ನೀರು ಇಲ್ಲಿಗೇ ಇಳಿದು ಬಂದೈತೆ. ನಾವು ಆಳ ಮಾಡಿದಷ್ಟೂ ಇಳಿದೈತೆ."

ಅವನು ಗೋಡೆಗೆ ಅಂಗೈ ಒತ್ತಿದ. ಒದ್ದೆಯಾದ ಕೈಯನ್ನು ನೋಡಿಕೊಂಡ. ಆಮೇಲೆ ಅಗಳಿನ ನೀರಿನಲ್ಲೇ ಕುಳಿತುಬಿಟ್ಟ. ಇಬ್ಬರು ಹಿಡಿದು ಎತ್ತಬೇಕಾಯಿತು.

ಬೆಂಕಿ ಮೊದಲ ಮಳೆಗೆ ಆರಿತು. ಆ ವಾರವೇ ಊರು ಕೂಡಿತು. ಅಗಳು ಮುಚ್ಚಬೇಕೆಂದು ನಾನು ಹೇಳಿದೆ. ನಮ್ಮ ಎರಡನೇ ಬೆಳೆಯೆಲ್ಲ ಆ ನೀರಿನದೇ ಎಂಬುದು ನನಗೂ ಗೊತ್ತಿತ್ತು. ಸೀತಾಳ ಎದ್ದು ನಿಂತಳು. ಗಂಡ ತೀರಿದ ಮೇಲೆ ಅಗಳಿನ ಕೆಳಗಿನ ಒಂದೇ ಗದ್ದೆಯಿಂದ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದವಳು.

"ಸತ್ತ ಮರಕ್ಕೆ ನೀರು ಕುಡ್ಸಿ, ಬದುಕಿದ್ ಮಕ್ಳಿಗೆ ಎಂತ ಕುಡ್ಸಾದು ಬಂಗಾರಿ? ನೀನೇ ಹೇಳು."

"ಗಾಳಿ ನಿಂತ್ರೆ ಊರೇ ಇರಾದಿಲ್ಲ ಸೀತಾಳ."

"ಗಾಳಿ ಉಂಡು ಬದ್ಕಾಕೆ ಆತದಾ?"

ಹಿರಿಯರು ಕಟ್ಟಳೆ ಮುರಿಯುವುದು ಪಾಪವೆಂದರು. ಎಲ್ಲರೂ ಅಣ್ಣನ ಕಡೆ ನೋಡಿದರು. ಅವನು "ಕಟ್ಟಳೆ ನಾನು ಒಂದೂ ಮುರಿಲಿಲ್ಲ. ಮುರಿದಿದ್ರೆ ಒಂದಾದ್ರೂ ಮರ ಉಳೀತಿತ್ತೇನೋ," ಎಂದ. ಎದ್ದು ಹೊರಟುಹೋದ.

ಮರುದಿನ ಬೆಳಿಗ್ಗೆ ಅವನು ಅಗಳಿನ ದಂಡೆಯ ಮಣ್ಣನ್ನು ಒಳಕ್ಕೆ ಎಳೆಯುತ್ತಿದ್ದ. ತಾನು ಎತ್ತಿ ಹಾಕಿದ ಮಣ್ಣನ್ನೇ. ನಾನು ಜೊತೆಗೂಡಿದೆ. ಮೂರು ನಾಲ್ಕು ಮನೆಯವರು ಬಂದರು, ಕೆಲವರು ಬೈದು ಹೋದರು. ಸೀತಾಳ ಬಂದದ್ದು ಮಳೆಗಾಲದ ನಡುವಿನಲ್ಲಿ. "ನನ್ ಸಿಟ್ಟು ಹೋಗ್ಲಿಲ್ಲ, ತಿಳ್ಕಾ," ಎಂದು ಬುಟ್ಟಿ ಎತ್ತಿಕೊಂಡಳು. ಸಂಜೆಯವರೆಗೆ ಮಣ್ಣು ಹೊತ್ತಳು. ಎರಡನೇ ಬೆಳೆ ಆಗಲಿಲ್ಲ. ಸುಗ್ಗಿಯ ಹೊತ್ತಿಗೆ ಅವಳು ಮಕ್ಕಳನ್ನು ಕರೆದುಕೊಂಡು ಬಯಲುಸೀಮೆಯ ಕಡೆ ಇಳಿದು ಹೋದಳು. ಅವರ ಸುದ್ದಿ ಬಂದಿಲ್ಲ. ಹೋಗುವ ಮೊದಲು, ನಮ್ಮಲ್ಲಿ ಇದ್ದುದನ್ನು ಹಂಚಿಕೊಂಡು ಇಲ್ಲೇ ಇರು ಎಂದು ಅವಳನ್ನು ಬೇಡಿಕೊಂಡಿದ್ದೆ. "ಹಂಚ್ಕಳಾಕೆ ನಿಂಗೆಂತ ಐತೆ?" ಎಂದಿದ್ದಳು.

ಈಗ ಅಗಳು ಇದ್ದ ಕಡೆ ಹುಲ್ಲು ಬಂದಿದೆ. ನಡುಗಾನಿನ ತಗ್ಗಿನಲ್ಲಿ ಈ ಬೇಸಗೆಯಲ್ಲೂ ಒಂದಿಷ್ಟು ಕೆಸರು ಉಳಿದಿದೆ. ಬಿದ್ದ ಮರಗಳನ್ನು ಬಿದ್ದಲ್ಲೇ ಬಿಟ್ಟಿದ್ದೇವೆ. ಒಂದರ ಪಕ್ಕದಲ್ಲಿ ರಾಮಪತ್ರೆಯ ಸಸಿಗಳು ಎದ್ದಿವೆ. ಯಾರೂ ನೆಟ್ಟದ್ದಲ್ಲ. ಅವು ಮರವಾಗುವುದನ್ನು ನೋಡಲು ನಾವು ಯಾರೂ ಇರುವುದಿಲ್ಲ. ಋತುವಿಗೊಮ್ಮೆ ಪ್ರತಿ ಮನೆಯಿಂದ ಒಬ್ಬರು ಬರಿಗಾಲಲ್ಲಿ ಒಳಗೆ ಹೋಗಿ ಕಂಡು ಬಂದು ಊರಿಗೆ ಹೇಳಬೇಕೆಂಬುದು ನಾವು ಮಾಡಿಕೊಂಡ ಒಂದೇ ಹೊಸ ಕಟ್ಟಳೆ. ಅಣ್ಣ ಹೋಗುವುದಿಲ್ಲ. ಅಂಚಿನಲ್ಲಿ ನಿಂತು, ಬಂದವರನ್ನು ವಿಚಾರಿಸುತ್ತಾನೆ.

ನಿಮ್ಮ ಮೇಲೆ ಸಿಟ್ಟಿಲ್ಲ. ಮುಚ್ಚಿಟ್ಟರೆ ಉಳಿಯುತ್ತದೆಂದು ನೀವು ನಂಬಿದಿರಿ, ನಾವೂ ನಂಬಿದೆವು. ನನ್ನದು ಒಂದೇ ಕೋರಿಕೆ. ನಿಮ್ಮ ಕಾಲದಲ್ಲಿ ಆ ಕಾನು ಇನ್ನೂ ಇಡಿಯಾಗಿದೆ. ಯಾರಾದರೂ ಒಳಗೆ ಹೋಗಿ, ಬೇಸಗೆಯ ಕೊನೆಯಲ್ಲಿ, ದೊಡ್ಡ ರಾಮಪತ್ರೆಯ ಬುಡದಲ್ಲಿ ನಿಂತು ನೋಡಿ. ನೀರು ಎಲ್ಲಿಯವರೆಗೆ ಬರುತ್ತದೆ? ಪಾದಕ್ಕೋ, ಮಂಡಿಗೋ, ಸೊಂಟಕ್ಕೋ? ನಮ್ಮಲ್ಲಿ ಕಂಡವರು ಒಬ್ಬರೂ ಇಲ್ಲ. ಎಷ್ಟು ನೀರು ಬಂದರೆ ಸಾಕೆಂದು ತಿಳಿಯದೆ ಕಾಯುತ್ತಿದ್ದೇವೆ. ಕಂಡದ್ದನ್ನು ನಿಮ್ಮ ಮಕ್ಕಳಿಗೆ ಹೇಳಿ, ಅವರು ಅವರ ಮಕ್ಕಳಿಗೆ ಹೇಳಲಿ, ನನ್ನ ಅಣ್ಣನ ಕಿವಿಗೆ ಬೀಳುವವರೆಗೆ.

ಬರಲೇ,
ಬಂಗಾರಿ